ಇನ್‌ಬಾಕ್ಸ್ ಹಗುರಾಗಬೇಕೆ? ಮೊದಲು ಗುರಿ ಬರೆಯಿರಿ, ಆಮೇಲೆ ಡಿಲೀಟ್ ಒತ್ತಿ

“ಇನ್‌ಬಾಕ್ಸ್‌ನಲ್ಲಿ ಹನ್ನೆರಡು ಸಾವಿರ ಮೇಲ್ ಬಿದ್ದಿವೆ, ಎಲ್ಲಿಂದ ಶುರು ಮಾಡಲಿ?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬರದು ಹನ್ನೆರಡು ಸಾವಿರವಾದರೆ ಇನ್ನೊಬ್ಬರದು ನಲವತ್ತು ಸಾವಿರ, ಅಷ್ಟೇ ವ್ಯತ್ಯಾಸ. ಹೀಗೆ ಕೇಳುವವರಲ್ಲಿ ಹಲವರು ಒಂದಲ್ಲ ಒಂದು ರಜೆಯ ದಿನ ಪಟ್ಟಾಗಿ ಕೂತು ಎಲ್ಲವನ್ನೂ ಗುಡಿಸಿ ಹಾಕಿದವರೇ. ಒಂದೆರಡು ತಿಂಗಳಲ್ಲಿ ರಾಶಿ ಮತ್ತೆ ಮೊದಲಿನಷ್ಟೇ ಎತ್ತರವಾಗುತ್ತದೆ. ದೋಣಿಯ ತೂತು ಹಾಗೇ ಬಿಟ್ಟು ನೀರು ಎತ್ತಿ ಚೆಲ್ಲಿದರೆ ಆಗುವುದು ಅದೇ.

ಆದ್ದರಿಂದ ಇಲ್ಲಿ ಕ್ರಮ ಸ್ವಲ್ಪ ಬೇರೆ. ಮೊದಲು ಅಳತೆ, ಆಮೇಲೆ ಗುರಿ, ಕೊನೆಗೆ ಸ್ವಚ್ಛತೆ. ಹೆಚ್ಚು ಜನ ಬಳಸುವುದು ಜಿಮೇಲ್ ಆದ್ದರಿಂದ ವಿವರ ಅದರದ್ದೇ ಕೊಟ್ಟಿದ್ದೇವೆ. ಔಟ್‌ಲುಕ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇವೆ.

ಶುರು ಮಾಡುವ ಮೊದಲು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. ಫೋನಿನ ಆ್ಯಪ್‌ನಲ್ಲಿ ಸಾವಿರಾರು ಮೇಲ್ ಒಟ್ಟಿಗೆ ಆಯ್ದುಕೊಳ್ಳುವುದಾಗಲಿ, ಫಿಲ್ಟರ್ ಮಾಡುವುದಾಗಲಿ ಆಗದು, ಬ್ರೌಸರ್‌ನಲ್ಲೇ ತೆರೆಯಿರಿ. ಮೊದಲ ದಿನಕ್ಕೆ ಎರಡು ಗಂಟೆ ಬಿಡುವು, ಆಮೇಲೆ ನಾಲ್ಕು ವಾರ ದಿನಕ್ಕೆ ಹದಿನೈದು ನಿಮಿಷ. ಜೊತೆಗೆ ಒಂದು ಹಾಳೆ, ಪೆನ್ನು. ಗುರಿಯನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಅದೂ ಎಲ್ಲೋ ಒಂದು ಫೈಲಾಗಿ ಕಳೆದುಹೋಗುತ್ತದೆ.

ನಾಲ್ಕು ಪದ ತಿಳಿದಿರಲಿ:

- ಆರ್ಕೈವ್: ಮೇಲನ್ನು ಇನ್‌ಬಾಕ್ಸ್‌ನಿಂದ ಸರಿಸಿ ಉಗ್ರಾಣಕ್ಕೆ ಹಾಕುವುದು. ಅಳಿಸುವುದಿಲ್ಲ. ಜಿಮೇಲ್‌ನಲ್ಲಿ ಅದು ‘ಆಲ್ ಮೇಲ್’ ಎಂಬಲ್ಲಿ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಯಾರಾದರೂ ಅದಕ್ಕೆ ಉತ್ತರ ಬರೆದರೆ ತಾನಾಗಿ ಇನ್‌ಬಾಕ್ಸ್‌ಗೆ ಮರಳುತ್ತದೆ.
- ಲೇಬಲ್: ಮೇಲ್‌ಗೆ ಅಂಟಿಸುವ ಚೀಟಿ. ಒಂದೇ ಮೇಲ್‌ಗೆ ಮೂರು ಚೀಟಿ ಅಂಟಿಸಿದರೂ ಮೇಲ್ ಒಂದೇ. ಔಟ್‌ಲುಕ್‌ನ ಫೋಲ್ಡರ್ ಹಾಗಲ್ಲ, ಅದು ಪೆಟ್ಟಿಗೆ. ಮೇಲ್ ಯಾವುದಾದರೂ ಒಂದು ಪೆಟ್ಟಿಗೆಯಲ್ಲಿ ಇರಬೇಕು.
- ಫಿಲ್ಟರ್: ಇಂಥವರಿಂದ ಬಂದರೆ ಹೀಗೆ ಮಾಡು ಎಂದು ಮೊದಲೇ ಹೇಳಿಟ್ಟ ಆಜ್ಞೆ. ಔಟ್‌ಲುಕ್‌ನಲ್ಲಿ ಇದಕ್ಕೆ ‘ರೂಲ್’ ಎನ್ನುತ್ತಾರೆ.
- ಥ್ರೆಡ್: ಒಂದು ಮೇಲ್ ಮತ್ತು ಅದಕ್ಕೆ ಬಂದ ಉತ್ತರಗಳೆಲ್ಲ ಸೇರಿದ ಸರಪಳಿ.

ಹಂತ 1: ಕೊನೆಯ ನೂರು ಮೇಲ್ ಎಣಿಸಿ

ಯಾವುದನ್ನೂ ಅಳಿಸಬೇಡಿ. ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಮನುಷ್ಯರು ನನಗೇ ಬರೆದದ್ದು, ನನ್ನನ್ನು ಸಿಸಿಯಲ್ಲಿ (ಬೇರೆಯವರಿಗೆ ಬರೆದದ್ದರ ಪ್ರತಿ ಹೋಗುವ ಸಾಲು) ಸೇರಿಸಿದ್ದು ಅಥವಾ ಗುಂಪಿಗೆ ಬಂದದ್ದು, ಯಂತ್ರ ಕಳಿಸಿದ್ದು (ರಸೀದಿ, ಒಟಿಪಿ, ಲಾಗಿನ್ ಎಚ್ಚರಿಕೆ, ಟಿಕೆಟ್), ಪ್ರಚಾರ ಮತ್ತು ಸುದ್ದಿಪತ್ರ. ಇತ್ತೀಚಿನ ನೂರು ಮೇಲ್‌ಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಪ್ರತಿಯೊಂದಕ್ಕೂ ಸರಿಯಾದ ಕಾಲಂನಲ್ಲಿ ಒಂದು ಗೀಟು ಎಳೆಯಿರಿ. ಹತ್ತು ನಿಮಿಷದ ಕೆಲಸ. ನೂರು ಮೇಲ್ ಬರಲು ಎಷ್ಟು ದಿನ ಹಿಡಿಯಿತು ಎಂಬುದನ್ನೂ ಮೇಲೆ ಬರೆದಿಡಿ. ಜಿಮೇಲ್‌ನಲ್ಲಿ ‘ಪ್ರೈಮರಿ’, ‘ಪ್ರಮೋಶನ್ಸ್’ ಎಂಬ ಟ್ಯಾಬ್‌ಗಳಿದ್ದರೆ ‘ಆಲ್ ಮೇಲ್’ ತೆರೆದು ಎಣಿಸಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ನೀವೇ ಕಳಿಸಿದ್ದೂ ಅಲ್ಲಿ ಕಾಣುತ್ತವೆ, ಅವನ್ನು ಬಿಟ್ಟುಬಿಡಿ.

ಗೀಟುಗಳು 14, 22, 31, 33 ಎಂದು ಬಂದವೆನ್ನಿ. ಅಂದರೆ ನೂರರಲ್ಲಿ ನಿಮ್ಮ ಉತ್ತರಕ್ಕಾಗಿ ಒಬ್ಬ ಮನುಷ್ಯ ಕಾದು ಕೂತದ್ದು ಹದಿನಾಲ್ಕರಲ್ಲಿ ಮಾತ್ರ. ಉಳಿದ ಎಂಬತ್ತಾರನ್ನು ಎರಡನೇ ಸಲ ನೋಡುವ ಅಗತ್ಯವೇ ಇಲ್ಲದೆ ಇರಬಹುದು. ನಿಮ್ಮ ಕಾಯಿಲೆ ಯಾವುದೆಂದು ಈ ಗೀಟುಗಳೇ ಹೇಳುತ್ತವೆ. ನಾಲ್ಕನೇ ಕಾಲಂ ದಪ್ಪಗಿದ್ದರೆ ನಿಮಗೆ ಬೇಕಾದದ್ದು ಅನ್‌ಸಬ್‌ಸ್ಕ್ರೈಬ್, ಅಂದರೆ ಇನ್ನು ಕಳಿಸಬೇಡಿ ಎಂದು ತಿಳಿಸಿ ಅವರ ಪಟ್ಟಿಯಿಂದ ಹೊರಬರುವುದು. ಮೂರನೆಯದಕ್ಕೆ ಫಿಲ್ಟರ್ ಸಾಕು. ಎರಡನೆಯದು ದಪ್ಪಗಿದ್ದರೆ ಯಾವ ಸೆಟ್ಟಿಂಗೂ ಸಹಾಯಕ್ಕೆ ಬಾರದು, ಜನರ ಜೊತೆ ಮಾತಾಡಬೇಕು. ಮೊದಲನೆಯದೇ ದೊಡ್ಡದಾಗಿದ್ದರೆ ಸಮಸ್ಯೆ ಇನ್‌ಬಾಕ್ಸ್‌ನದಲ್ಲ, ನಿಮ್ಮ ಮೇಲಿರುವ ಕೆಲಸದ್ದು.

ಹಂತ 2: ಮೂರೇ ಗುರಿ ಬರೆಯಿರಿ

“ಇನ್‌ಬಾಕ್ಸ್ ನೀಟಾಗಿರಬೇಕು” ಎನ್ನುವುದು ಆಸೆ. ಗುರಿಯಾದರೆ ಸಂಜೆ ನೋಡಿ ‘ಆಯಿತು’, ‘ಆಗಲಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಲು ಬರಬೇಕು. ಅದು ನಿಮ್ಮ ಕೈಯಲ್ಲೂ ಇರಬೇಕು. “ದಿನಕ್ಕೆ ಮೂವತ್ತೇ ಮೇಲ್ ಬರಬೇಕು” ಎಂದು ಬರೆದು ಪ್ರಯೋಜನವಿಲ್ಲ, ಬೇರೆಯವರ ಬೆರಳು ನಿಮ್ಮ ಮಾತು ಕೇಳುವುದಿಲ್ಲ.

‘ಇನ್‌ಬಾಕ್ಸ್ ಝೀರೋ’ ಎಂಬ ಮಾತು ಎಲ್ಲರೂ ಕೇಳಿದ್ದೇ. 2006ರ ಸುಮಾರಿಗೆ ಅದನ್ನು ಬಳಕೆಗೆ ತಂದವರು ಅಮೆರಿಕದ ಬರಹಗಾರ ಮರ್ಲಿನ್ ಮನ್. ಆ ಸೊನ್ನೆ ಮೇಲ್‌ಗಳ ಲೆಕ್ಕವಲ್ಲ, ನಿಮ್ಮ ತಲೆ ಎಷ್ಟರ ಮಟ್ಟಿಗೆ ಇನ್‌ಬಾಕ್ಸ್‌ನೊಳಗೆ ಸಿಕ್ಕಿಹಾಕಿಕೊಂಡಿದೆ ಎಂಬುದರ ಲೆಕ್ಕ ಎಂದು ಅವರೇ ವಿವರಿಸಿದ್ದರು. ಜನ ಹಿಡಿದುಕೊಂಡದ್ದು ಮಾತ್ರ ಸಂಖ್ಯೆಯನ್ನು. ಹಾಗಾಗಿ ಸೊನ್ನೆಯನ್ನು ಗುರಿಯಾಗಿ ಇಟ್ಟುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಸೊನ್ನೆಯ ಹಿಂದೆ ಬಿದ್ದವರು ದಿನಕ್ಕೆ ನಲವತ್ತು ಸಲ ಇನ್‌ಬಾಕ್ಸ್ ತೆರೆಯುತ್ತಾರೆ, ಅದು ರೋಗಕ್ಕಿಂತ ಮದ್ದೇ ಹೆಚ್ಚಾದ ಹಾಗೆ.

ಮೂರು ಬಗೆಯ ಗುರಿಗಳಲ್ಲಿ ಒಂದೊಂದು ಆರಿಸಿಕೊಳ್ಳಿ.

ಒಳಹರಿವಿನ ಗುರಿ: “ನಾಲ್ಕು ವಾರದಲ್ಲಿ ನಾಲ್ಕನೇ ಕಾಲಂ 33ರಿಂದ 10ಕ್ಕೆ ಇಳಿಯಬೇಕು.” ಬರುವ ಒಟ್ಟು ಮೇಲ್ ನಿಮ್ಮ ಕೈಯಲ್ಲಿಲ್ಲ ಎಂದೆವಲ್ಲ, ಪ್ರಚಾರದ ಮೇಲ್ ಮಾತ್ರ ಬಹುಮಟ್ಟಿಗೆ ಇದೆ.

ನಿಲುಗಡೆಯ ಗುರಿ: “ಕೆಲಸ ಮುಗಿಸಿ ಏಳುವಾಗ ಇನ್‌ಬಾಕ್ಸ್‌ನಲ್ಲಿರುವುದು ಸ್ಕ್ರೋಲ್ ಮಾಡದೆ ಒಂದೇ ಪರದೆಯಲ್ಲಿ ಕಾಣಬೇಕು.” ಸುಮಾರು ಇಪ್ಪತ್ತು ಮೇಲ್. ಕಣ್ಣಿಗೆ ಒಟ್ಟಿಗೆ ಕಾಣುವಷ್ಟನ್ನು ಮನಸ್ಸು ನಿಭಾಯಿಸುತ್ತದೆ, ಸ್ಕ್ರೋಲ್ ಮಾಡಬೇಕಾದದ್ದು ಮರೆವಿಗೆ ಬೀಳುತ್ತದೆ.

ಸಮಯದ ಗುರಿ: “ದಿನಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ನಿಮಿಷ.” ಈ ಮೂರು ಸುಮ್ಮನೆ ಹೇಳಿದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 124 ಜನರಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಲು, ಇನ್ನೊಂದು ವಾರ ಮನಸ್ಸು ಬಂದಷ್ಟು ಸಲ ನೋಡಲು ಹೇಳಿದ್ದರು. ಮೂರೇ ಸಲ ನೋಡಿದ ವಾರದಲ್ಲಿ ಒತ್ತಡ ಕಡಿಮೆಯಿತ್ತು. ಗ್ರಾಹಕರ ದೂರು ನೋಡಿಕೊಳ್ಳುವಂಥ ಕೆಲಸದವರಿಗೆ ಮೂರು ಸಲ ಸಾಲದು. ಅವರು ಗಂಟೆಗೊಮ್ಮೆ ಎಂದು ಬರೆದುಕೊಳ್ಳಲಿ. ‘ಯಾವಾಗಲೂ ತೆರೆದಿಟ್ಟಿರುತ್ತೇನೆ’ ಎಂದಾಗಬಾರದು, ಅಷ್ಟೇ.

ನಾಲ್ಕನೇ ಗುರಿ ಸೇರಿಸುವ ಆಸೆ ಬರುತ್ತದೆ. ಬೇಡ. ಮೂರನ್ನು ಹಾಳೆಯಲ್ಲಿ ಬರೆದು, ಇವತ್ತಿನ ತಾರೀಕು ಹಾಕಿ ಕಣ್ಣಿಗೆ ಬೀಳುವ ಕಡೆ ಅಂಟಿಸಿ.

ಹಂತ 3: ಹಳೆಯ ರಾಶಿಯನ್ನು ಒಂದೇ ಏಟಿಗೆ ಸರಿಸಿ

ಹನ್ನೆರಡು ಸಾವಿರ ಮೇಲ್ ಒಂದೊಂದಾಗಿ ಓದಿ ತೀರ್ಮಾನಿಸುತ್ತೇನೆಂದು ಕೂತರೆ, ಒಂದಕ್ಕೆ ಐದೇ ಸೆಕೆಂಡು ಹಿಡಿದರೂ ಹದಿನಾರು ಗಂಟೆಗಿಂತ ಹೆಚ್ಚು ಬೇಕು. ಮೂರು ತಿಂಗಳ ಹಿಂದಿನ ಮೇಲ್‌ಗೆ ಉತ್ತರ ನಿಜಕ್ಕೂ ಬೇಕಿದ್ದರೆ ಕಳಿಸಿದವರು ಇಷ್ಟರಲ್ಲಿ ಮತ್ತೊಮ್ಮೆ ಬರೆದಿರುತ್ತಾರೆ, ಇಲ್ಲವೇ ಫೋನ್ ಮಾಡಿರುತ್ತಾರೆ. ಹಾಗಾಗಿ ಮೂವತ್ತು ದಿನಕ್ಕಿಂತ ಹಳೆಯದನ್ನೆಲ್ಲ ಆರ್ಕೈವ್ ಮಾಡಿಬಿಡಿ. ಡಿಲೀಟ್ ಅಲ್ಲ, ಆರ್ಕೈವ್.

ಜಿಮೇಲ್‌ನಲ್ಲಿ ಮಾಡುವುದು ಹೀಗೆ:

1. ಮೇಲಿನ ಹುಡುಕಾಟದ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಇನ್:ಇನ್‌ಬಾಕ್ಸ್’ ಎಂದು ಬರೆದು, ಒಂದು ಜಾಗ ಬಿಟ್ಟು, ‘ಬಿಫೋರ್:2025/01/01’ ಎಂಬಂತೆ ಮೂವತ್ತು ದಿನ ಹಿಂದಿನ ತಾರೀಕು ಕೊಟ್ಟು ಎಂಟರ್ ಒತ್ತಿ. ತಾರೀಕಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಕೋಲನ್ ಆದ ಮೇಲೆ ಜಾಗ ಬಿಡಬೇಡಿ.
2. ಪಟ್ಟಿಯ ಎಡ ಮೇಲ್ತುದಿಯ ಚೆಕ್‌ಬಾಕ್ಸ್‌ಗೆ ಟಿಕ್ ಹಾಕಿ.
3. ಇಲ್ಲೇ ಹೆಚ್ಚಿನವರು ಎಡವುವುದು. ಟಿಕ್ ಬೀಳುವುದು ಆ ಪುಟದ 50 ಥ್ರೆಡ್‌ಗಳಿಗೆ ಮಾತ್ರ. ಪಟ್ಟಿಯ ಮೇಲ್ಗಡೆ, ಈ ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸಿಕೊಳ್ಳಲೇ ಎಂದು ಕೇಳುವ ಸಣ್ಣ ನೀಲಿ ಸಾಲೊಂದು ಕಾಣಿಸುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರಷ್ಟೇ ಎಲ್ಲ ಆಯ್ಕೆಯಾಗುತ್ತದೆ.
4. ಕೆಳಮುಖ ಬಾಣವಿರುವ ಪೆಟ್ಟಿಗೆಯ ಗುರುತು ಆರ್ಕೈವ್‌ನದು, ಅದನ್ನು ಒತ್ತಿ. ಪಕ್ಕದಲ್ಲೇ ಕಸದ ಬುಟ್ಟಿ ಇರುತ್ತದೆ, ಬೆರಳು ಜಾರದಿರಲಿ. ‘ಇಷ್ಟೊಂದಕ್ಕೆ ಒಟ್ಟಿಗೆ ಮಾಡಲೇ’ ಎಂದು ಕೇಳಿದರೆ ಒಪ್ಪಿಗೆ ಕೊಡಿ.
5. ಸಾವಿರಗಟ್ಟಲೆ ಇದ್ದರೆ ಕೆಲವು ನಿಮಿಷ ಹಿಡಿಯುತ್ತದೆ. ನಡುವೆ ಟ್ಯಾಬ್ ಮುಚ್ಚಬೇಡಿ.

ತಪ್ಪಿ ಕಸಕ್ಕೆ ಹಾಕಿದ್ದರೆ ಗಾಬರಿ ಬೇಡ, ಜಿಮೇಲ್‌ನ ‘ಟ್ರ್ಯಾಶ್’ನಲ್ಲಿ 30 ದಿನ ಉಳಿದಿರುತ್ತದೆ. ಅದು ಕಳೆದ ಮೇಲೆ ಹೋದದ್ದು ಹೋಯಿತು. ಕಚೇರಿಯ ಖಾತೆಯಾದರೆ ಯಾವುದನ್ನೂ ಸಾರಾಸಗಟಾಗಿ ಡಿಲೀಟ್ ಮಾಡುವ ಮುನ್ನ ಐಟಿ ವಿಭಾಗವನ್ನು ಕೇಳಿ. ಇಂತಿಷ್ಟು ವರ್ಷ ಮೇಲ್ ಉಳಿಸಿಕೊಳ್ಳಬೇಕೆಂಬ ನಿಯಮ ಅಲ್ಲಿರಬಹುದು.

ಜಿಮೇಲ್‌ನಲ್ಲಿ ಜನ ಪದೇ ಪದೇ ಕೈ ಸುಟ್ಟುಕೊಳ್ಳುವ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಲೇಬಲ್‌ನ ಒಳಗೆ ಹೋಗಿ ಮೇಲ್ ಡಿಲೀಟ್ ಮಾಡಿದರೆ ಅದು ಎಲ್ಲ ಕಡೆಯಿಂದಲೂ ಹೋಗುತ್ತದೆ, ಏಕೆಂದರೆ ಚೀಟಿ ಮೂರಿದ್ದರೂ ಮೇಲ್ ಒಂದೇ ಎಂದೆವಲ್ಲ. ಚೀಟಿ ಮಾತ್ರ ತೆಗೆಯಬೇಕಿದ್ದರೆ ಲೇಬಲ್ ಗುರುತನ್ನು ಒತ್ತಿ ಅಲ್ಲಿನ ಟಿಕ್ ತೆಗೆಯಿರಿ. ಎರಡನೆಯದು, ಪಟ್ಟಿಯಲ್ಲಿ ಒಂದು ಸಾಲನ್ನು ಡಿಲೀಟ್ ಮಾಡಿದರೆ ಹೋಗುವುದು ಇಡೀ ಥ್ರೆಡ್. ಕೊನೆಯ ‘ಥ್ಯಾಂಕ್ಸ್’ ಮಾತ್ರ ಅಳಿಸುತ್ತೇನೆಂದು ಹೊರಟವರು ಅದರ ಹಿಂದಿದ್ದ ಒಪ್ಪಂದವನ್ನೂ ಕಳೆದುಕೊಳ್ಳುತ್ತಾರೆ.

ಹಂತ 4: ತೂತು ಮುಚ್ಚಿ

ಹುಡುಕಾಟದಲ್ಲಿ ಇಂಗ್ಲಿಷಿನಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಎಂದು ಬರೆಯಿರಿ. ನಿಮಗೆ ಬರುವ ಸುದ್ದಿಪತ್ರ, ಪ್ರಚಾರಗಳಲ್ಲಿ ಬಹುಪಾಲು ಒಂದೇ ಪಟ್ಟಿಯಲ್ಲಿ ಬಂದು ನಿಲ್ಲುತ್ತದೆ. ಮೇಲ್ ತೆರೆದರೆ ಕಳಿಸಿದವರ ಹೆಸರಿನ ಪಕ್ಕದಲ್ಲೇ ಅನ್‌ಸಬ್‌ಸ್ಕ್ರೈಬ್ ಗುಂಡಿ ಕಾಣುತ್ತದೆ. ಮೇಲ್‌ನ ಅಡಿಯಲ್ಲಿ ಚುಕ್ಕಿಯಷ್ಟು ಸಣ್ಣ ಅಕ್ಷರ ಹುಡುಕುವ ಕಷ್ಟವಿಲ್ಲ. ದೊಡ್ಡ ಸಂಖ್ಯೆಯಲ್ಲಿ (ಗೂಗಲ್ ಲೆಕ್ಕದಲ್ಲಿ ದಿನಕ್ಕೆ ಸುಮಾರು ಐದು ಸಾವಿರ ಅಥವಾ ಹೆಚ್ಚು) ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಬಿಡುಗಡೆ ಕೊಡಬೇಕು, ಕೋರಿಕೆಯನ್ನು ಎರಡು ದಿನದೊಳಗೆ ನಡೆಸಬೇಕು ಎಂದು ಗೂಗಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದವು. ಅಲ್ಲಿಂದೀಚೆಗೆ ದೊಡ್ಡ ಕಂಪನಿಗಳ ಮಟ್ಟಿಗೆ ಈ ಗುಂಡಿ ಸಾಕಷ್ಟು ನಂಬಿಕೆಗೆ ಅರ್ಹ.

ಒಂದೇ ದಿನ ಎಲ್ಲವನ್ನೂ ಮುಗಿಸಲು ಹೋಗಬೇಡಿ. ಮೊದಲ ದಿನ ಹದಿನೈದು, ಆಮೇಲೆ ದಿನಾ ಬಂದಂತೆ ಮೂರು. ತೀರ್ಮಾನಕ್ಕೆ ಒಂದೇ ಪ್ರಶ್ನೆ ಸಾಕು: ಇವರ ಕಳೆದ ಮೂರು ಮೇಲ್‌ಗಳಲ್ಲಿ ಒಂದನ್ನಾದರೂ ತೆರೆದೆನೇ? ಇಲ್ಲವಾದರೆ ಬಿಡಿ. ‘ಮುಂದೆಂದಾದರೂ ಓದುತ್ತೇನೆ’ ಎಂದು ಇಟ್ಟುಕೊಂಡ ಸುದ್ದಿಪತ್ರಗಳ ಗತಿ ಏನಾಗಿದೆ ಎಂಬುದು ನಿಮಗೇ ಗೊತ್ತು.

ಎಚ್ಚರಿಕೆಗಳು ಇವೆ. ನೀವು ಎಂದೂ ಸೇರದ, ಹೆಸರೇ ಕೇಳದ ಕಡೆಯಿಂದ ಬಂದ ಮೇಲ್‌ನೊಳಗಿನ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಒತ್ತಲೇಬೇಡಿ. ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ನೀವೇ ಸಾರಿದಂತಾಗಿ ಇನ್ನಷ್ಟು ಕಸ ಬರುತ್ತದೆ. ಅಂಥದ್ದಕ್ಕೆ ‘ರಿಪೋರ್ಟ್ ಸ್ಪ್ಯಾಮ್’. ಅದೇ ರೀತಿ, ನೀವೇ ಸೇರಿಕೊಂಡ ಸುದ್ದಿಪತ್ರವನ್ನು ಸ್ಪ್ಯಾಮ್ ಎಂದು ಗುರುತಿಸಬೇಡಿ; ಅದೇ ಕಂಪನಿಯ ರಸೀದಿ, ಪಾಸ್‌ವರ್ಡ್ ಮೇಲ್‌ಗಳೂ ಸ್ಪ್ಯಾಮ್ ಪಾಲಾದಾವು. ಅನ್‌ಸಬ್‌ಸ್ಕ್ರೈಬ್ ಮಾಡಲು ಯಾವುದೋ ಪುಟ ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿಸಿ. “ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಲಾಗಿನ್ ಆಗಿ” ಎನ್ನುವ ಮೇಲ್ ಹಳೆಯ ಮೋಸ. ‘ಒಂದೇ ಕ್ಲಿಕ್ಕಿಗೆ ಇನ್‌ಬಾಕ್ಸ್ ಕ್ಲೀನ್’ ಎನ್ನುವ ಪುಕ್ಕಟೆ ಆ್ಯಪ್‌ಗಳಿಗೂ ಸ್ವಲ್ಪ ದೂರವಿರಿ. ಅವುಗಳಲ್ಲಿ ಬಹಳಷ್ಟು ನಿಮ್ಮ ಮೇಲ್ ಪೂರ್ತಿ ಓದುವ ಅನುಮತಿ ಕೇಳುತ್ತವೆ, ಎಲ್ಲೆಲ್ಲಿಯ ಪಾಸ್‌ವರ್ಡ್ ಬದಲಾಯಿಸುವ ಕೊಂಡಿಗಳೂ ಬಂದು ಬೀಳುವುದು ಇದೇ ಮೇಲ್‌ಗೆ.

ಹಂತ 5: ಯಂತ್ರದ ಮೇಲ್‌ಗೆ ಯಂತ್ರವನ್ನೇ ಕೂರಿಸಿ

ಮೂರನೇ ಕಾಲಂನವು ಬೇಕು, ಆದರೆ ಈಗಲೇ ಬೇಕಿಲ್ಲ. ಇವು ಇನ್‌ಬಾಕ್ಸ್ ಮುಟ್ಟದೆ ನೇರ ಉಗ್ರಾಣಕ್ಕೆ ಹೋಗಲಿ. ಖರೀದಿಯ ರಸೀದಿಗಳಿಗೆ ಒಂದು ಫಿಲ್ಟರ್ ಮಾಡಿ ನೋಡೋಣ.

ಹುಡುಕಾಟದ ಪಟ್ಟಿಯ ಬಲತುದಿಯಲ್ಲಿ ಅಡ್ಡ ಗೀಟುಗಳ ಗುರುತಿದೆ, ಅದನ್ನು ಒತ್ತಿದರೆ ಒಂದು ಫಾರಂ ತೆರೆಯುತ್ತದೆ. ‘ಫ್ರಮ್’ ಎಂಬಲ್ಲಿ ರಸೀದಿ ಕಳಿಸುವ ವಿಳಾಸ ಹಾಕಿ. ಒಂದೇ ಕಂಪನಿ ಹತ್ತು ವಿಳಾಸದಿಂದ ಕಳಿಸುತ್ತಿದ್ದರೆ ಅಟ್ ಗುರುತಿನ ನಂತರದ ಭಾಗವನ್ನಷ್ಟೇ ಹಾಕಬಹುದು. ಅವರ ಪ್ರಚಾರವೂ ಅಲ್ಲಿಂದಲೇ ಬರುತ್ತಿದ್ದರೆ ‘ಸಬ್ಜೆಕ್ಟ್’ನಲ್ಲಿ ರಸೀದಿಯ ಶೀರ್ಷಿಕೆಯಲ್ಲಿ ತಪ್ಪದೆ ಇರುವ ಪದವನ್ನೂ ಸೇರಿಸಿ. ಈಗ ನೇರವಾಗಿ ಫಿಲ್ಟರ್ ಮಾಡಬೇಡಿ, ಮೊದಲು ‘ಸರ್ಚ್’ ಒತ್ತಿ ಏನೇನು ಸಿಗುತ್ತದೆ ನೋಡಿ. ಸಿಗಬಾರದ್ದು ಸಿಕ್ಕಿದರೆ ಪದ ಬದಲಿಸಿ. ಫಲಿತಾಂಶ ಸರಿಯೆನಿಸಿದ ಮೇಲೆ ಮತ್ತೆ ಫಾರಂ ತೆರೆದು ‘ಕ್ರಿಯೇಟ್ ಫಿಲ್ಟರ್’. ಮುಂದಿನ ಪುಟದಲ್ಲಿ ಮೂರು ಟಿಕ್: ‘ಸ್ಕಿಪ್ ದ ಇನ್‌ಬಾಕ್ಸ್’, ‘ಅಪ್ಲೈ ದ ಲೇಬಲ್’ (ರಸೀದಿ ಎಂದು ಲೇಬಲ್ ಮಾಡಿ), ‘ಆಲ್ಸೊ ಅಪ್ಲೈ ಫಿಲ್ಟರ್ ಟು ಮ್ಯಾಚಿಂಗ್ ಕಾನ್ವರ್ಸೇಶನ್ಸ್’. ಕೊನೆಯದನ್ನು ಬಿಟ್ಟರೆ ಹಳೆಯ ರಸೀದಿಗಳಿಗೆ ಚೀಟಿ ಅಂಟುವುದಿಲ್ಲ, ಫಿಲ್ಟರ್ ಹೊಸದಕ್ಕಷ್ಟೇ ಕೆಲಸ ಮಾಡುತ್ತದೆ. ‘ಮಾರ್ಕ್ ಆ್ಯಸ್ ರೆಡ್’ ಮೊದಲ ತಿಂಗಳು ಬೇಡ. ಲೇಬಲ್ ಪಕ್ಕದ ಓದದ ಸಂಖ್ಯೆ ನೋಡಿದರೆ ಫಿಲ್ಟರ್ ಸರಿಯಾಗಿ ಹಿಡಿಯುತ್ತಿದೆಯೇ ಎಂಬುದು ತಿಳಿಯುತ್ತದೆ.

ಏನನ್ನು ಇನ್‌ಬಾಕ್ಸ್ ತಪ್ಪಿಸಬಾರದು ಎಂಬುದೇ ಇಲ್ಲಿ ಮುಖ್ಯ. ಬ್ಯಾಂಕಿನ ವಹಿವಾಟಿನ ಎಚ್ಚರಿಕೆ, ಹೊಸ ಸಾಧನದಿಂದ ಲಾಗಿನ್ ಆದ ಸೂಚನೆ, ಕಟ್ಟಬೇಕಾದ ಬಿಲ್ಲು, ಒಟಿಪಿ ಇವು ಕಣ್ಣೆದುರೇ ಬೀಳಲಿ. ಮೇಲ್‌ನ ಅಡಿಯಲ್ಲಿ ಅನ್‌ಸಬ್‌ಸ್ಕ್ರೈಬ್ ಪದ ಇರುವುದನ್ನೆಲ್ಲ ಹೊರಗಟ್ಟುವ ಫಿಲ್ಟರ್ ಮಾಡಿ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಕೇಳಲು ಚೆನ್ನ. ಆದರೆ ಟಿಕೆಟ್, ಸಂದರ್ಶನದ ಕರೆ, ವೈದ್ಯರ ಅಪಾಯಿಂಟ್‌ಮೆಂಟ್ ಮೇಲ್‌ಗಳಲ್ಲೂ ಆ ಪದ ಇರುವುದುಂಟು, ಅವೂ ಮಾಯವಾಗುತ್ತವೆ. ಆ ಪದ ಹುಡುಕಲು ಮಾತ್ರ ಇರಲಿ.

ಜಿಮೇಲ್ ಫಿಲ್ಟರ್‌ಗಳಿಗೆ ಹಿಂದುಮುಂದಿಲ್ಲ, ಹೊಂದುವವೆಲ್ಲ ಒಟ್ಟಿಗೆ ಜಾರಿಯಾಗುತ್ತವೆ. ಔಟ್‌ಲುಕ್ ರೂಲ್‌ಗಳು ಮೇಲಿಂದ ಕೆಳಕ್ಕೆ ಸರದಿಯಲ್ಲಿ ನಡೆಯುತ್ತವೆ. ‘ಸ್ಟಾಪ್ ಪ್ರೊಸೆಸಿಂಗ್ ಮೋರ್ ರೂಲ್ಸ್’ ಎಂಬ ಟಿಕ್ ಇದ್ದರೆ ಅಲ್ಲಿಗೇ ನಿಲ್ಲುತ್ತವೆ. “ರೂಲ್ ಮಾಡಿದ್ದೇನೆ, ಕೆಲಸ ಮಾಡುತ್ತಿಲ್ಲ” ಎಂಬ ದೂರಿಗೆ ಸರದಿಯೇ ಕಾರಣವಾಗಿರುವುದುಂಟು. ಔಟ್‌ಲುಕ್‌ನಲ್ಲಿ ‘ಸ್ವೀಪ್’ ಎಂಬ ಒಳ್ಳೆಯ ಸೌಲಭ್ಯವೂ ಇದೆ: ಒಬ್ಬರಿಂದ ಬಂದದ್ದರಲ್ಲಿ ತೀರಾ ಇತ್ತೀಚಿನದೊಂದನ್ನು ಉಳಿಸಿ ಹಿಂದಿನದನ್ನು ತಾನೇ ಅಳಿಸುತ್ತಿರು ಎಂದು ಹೇಳಿಡಬಹುದು. ದಿನಾ ಬರುವ ವರದಿಗಳಿಗೆ ಹೇಳಿ ಮಾಡಿಸಿದಂತಿದೆ.

ಫಿಲ್ಟರ್ ಐದಾರು ಸಾಕು. ಇಪ್ಪತ್ತಾದರೆ ಯಾವುದು ಏನನ್ನು ನುಂಗಿತು ಎಂದು ಹುಡುಕುವುದೇ ಕೆಲಸವಾಗುತ್ತದೆ.

ಹಂತ 6: ಲೇಬಲ್ ಕಡಿಮೆ ಇರಲಿ

ಅಚ್ಚುಕಟ್ಟು ಎಂದೊಡನೆ ಜನ ಫೋಲ್ಡರ್ ಮಾಡಲು ಹೊರಡುತ್ತಾರೆ. ಐಬಿಎಂ ಸಂಶೋಧಕರು 2011ರಲ್ಲಿ 345 ಬಳಕೆದಾರರು ಹಳೆಯ ಮೇಲ್ ಹುಡುಕಿದ 85 ಸಾವಿರಕ್ಕೂ ಹೆಚ್ಚು ಸಂದರ್ಭಗಳನ್ನು ಅಳೆದು ನೋಡಿದ್ದರು. ಫೋಲ್ಡರ್ ತೆರೆದು ಹುಡುಕಲು ಸರಾಸರಿ ಒಂದು ನಿಮಿಷದ ಹತ್ತಿರ ಹಿಡಿದರೆ, ಪದ ಕೊಟ್ಟು ಹುಡುಕಲು ಹದಿನೇಳು ಸೆಕೆಂಡು ಸಾಕಾಗಿತ್ತು. ವಿಂಗಡಿಸಿ ಇಡಲು ವ್ಯಯವಾದ ಹೊತ್ತು ಬೇರೆ.

ನಮ್ಮ ಅಭಿಪ್ರಾಯದಲ್ಲಿ ನಾಲ್ಕು ಲೇಬಲ್ ಸಾಕು: ರಸೀದಿ, ಪ್ರಯಾಣ, ಉತ್ತರ ಕಾಯುತ್ತಿರುವುದು, ಮತ್ತು ಸದ್ಯ ನಡೆಯುತ್ತಿರುವ ಒಂದು ದೊಡ್ಡ ಕೆಲಸ. ‘ಇತರೆ’ ಎಂಬ ಲೇಬಲ್ ಮಾತ್ರ ಯಾವತ್ತೂ ಬೇಡ, ಅದು ಎರಡನೇ ಇನ್‌ಬಾಕ್ಸ್ ಆಗಿ ಕೂರುತ್ತದೆ.

ಹಂತ 7: ದಿನದ ಮೂರು ಸರದಿ

ಮೊದಲು ಫೋನಿನ ನೋಟಿಫಿಕೇಶನ್ ನಿಲ್ಲಿಸಿ. ಪೂರ್ತಿ ನಿಲ್ಲಿಸಲು ಧೈರ್ಯ ಬಾರದಿದ್ದರೆ ಜಿಮೇಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಹೈ ಪ್ರಯಾರಿಟಿ ಓನ್ಲಿ’ ಆರಿಸಿ. ಆ ಹೊತ್ತಿನಲ್ಲಿ ತುರ್ತು ಬಂದರೇನು ಗತಿ ಎಂದರೆ, ತುರ್ತಿದ್ದರೆ ಫೋನ್ ಮಾಡಿ ಎಂದು ಸಂಬಂಧಪಟ್ಟವರಿಗೆ ಮೊದಲೇ ತಿಳಿಸಿಡಿ.

ಸರದಿಯಲ್ಲಿ ಕೂತಾಗ ಮೇಲಿನಿಂದ ಒಂದೊಂದಾಗಿ ತೆರೆಯಿರಿ, ಆರಿಸಿ ಆರಿಸಿ ಅಲ್ಲ. ತೆರೆದದ್ದನ್ನು ತೀರ್ಮಾನಿಸದೆ ಮುಚ್ಚಬಾರದು. ‘ಮಾರ್ಕ್ ಆ್ಯಸ್ ಅನ್‌ರೆಡ್’ ಒತ್ತಿ ಮುಂದೆ ಹೋಗುವುದು ತೀರ್ಮಾನವಲ್ಲ, ಅದೇ ಮೇಲನ್ನು ನಾಳೆ ಮತ್ತೆ ಓದುವ ಶಿಕ್ಷೆ. ತೀರ್ಮಾನಗಳು ಇರುವುದೇ ನಾಲ್ಕು: ಅಳಿಸು, ಆರ್ಕೈವ್ ಮಾಡು, ಎರಡು ನಿಮಿಷದಲ್ಲಿ ಮುಗಿಯುವುದಾದರೆ ಈಗಲೇ ಮುಗಿಸು, ಇಲ್ಲವಾದರೆ ದಿನ ಗೊತ್ತುಮಾಡು.

ನಾಲ್ಕನೆಯದರಲ್ಲೇ ಗಂಟು ಬೀಳುವುದರಿಂದ ಒಂದು ಮೇಲ್ ಹತ್ತಿರದಿಂದ ನೋಡೋಣ. ಶೀರ್ಷಿಕೆ ‘ರಿ: ರಿ: ಸೋಮವಾರದ ಮೀಟಿಂಗ್’. ಒಳಗೆ ಮೂರನೇ ಪ್ಯಾರಾದಲ್ಲಿ ಹೀಗಿದೆ: “ಅಂದಹಾಗೆ, ವರದಿಯ ಮೂರನೇ ಪುಟದ ಲೆಕ್ಕ ಸರಿಯಿದೆಯೇ ಒಮ್ಮೆ ನೋಡಿ ಹೇಳುತ್ತೀರಾ?” ಲೆಕ್ಕ ನೋಡಲು ಮುಕ್ಕಾಲು ಗಂಟೆ ಬೇಕು, ಎರಡು ನಿಮಿಷದ ಕೆಲಸವಲ್ಲ. ಈ ಮೇಲ್ ಇನ್‌ಬಾಕ್ಸ್‌ನಲ್ಲೇ ಉಳಿದರೆ ಮೀಟಿಂಗ್ ಮುಗಿದ ಮೇಲೆ ಆ ಶೀರ್ಷಿಕೆ ನೋಡಿ ‘ಇದು ಮುಗಿದ ಕಥೆ’ ಎಂದು ದಾಟಿಹೋಗುತ್ತೀರಿ. ಕೆಲಸ ಅಲ್ಲೇ ಸತ್ತಿತು. ಹೀಗೆ ಮಾಡಿ: ಕ್ಯಾಲೆಂಡರಿನಲ್ಲಿ ಗುರುವಾರ ಹತ್ತು ಗಂಟೆಗೆ ‘ವರದಿ, ಪುಟ 3, ಲೆಕ್ಕ ನೋಡುವುದು’ ಎಂದು ಮುಕ್ಕಾಲು ಗಂಟೆ ಬರೆದಿಡಿ. ಕಳಿಸಿದವರಿಗೆ ಒಂದು ಸಾಲು: “ಸಿಕ್ಕಿತು, ಗುರುವಾರ ಮಧ್ಯಾಹ್ನದೊಳಗೆ ಹೇಳುತ್ತೇನೆ.” ಮೇಲನ್ನು ‘ಸ್ನೂಜ್’ ಮಾಡಿ ಗುರುವಾರ ಹತ್ತು ಗಂಟೆಗೇ ಇಡಿ, ಅಲ್ಲಿಯವರೆಗೆ ಕಣ್ಮರೆಯಾಗಿದ್ದು ಆ ಹೊತ್ತಿಗೆ ತಾನೇ ಇನ್‌ಬಾಕ್ಸ್‌ನ ತುದಿಗೆ ಬರುತ್ತದೆ. ಒಂದೂವರೆ ನಿಮಿಷದಲ್ಲಿ ಮೂರೂ ಆಯಿತು.

ಸ್ನೂಜ್ ರುಚಿ ಹತ್ತಿದವರು ಎಲ್ಲವನ್ನೂ ನಾಳೆ ಬೆಳಿಗ್ಗೆಗೆ ತಳ್ಳುತ್ತಾರೆ. ಮರುದಿನ ನಲವತ್ತು ಮೇಲ್ ಒಟ್ಟಿಗೆ ಎದ್ದು ಬರುತ್ತವೆ. ಒಂದು ಮೇಲನ್ನು ಎರಡೇ ಸಲ ಸ್ನೂಜ್ ಮಾಡಬಹುದು ಎಂದು ಕಟ್ಟು ಹಾಕಿಕೊಳ್ಳಿ. ಮೂರನೇ ಸಲ ಬಂದರೆ ಮಾಡಿ, ಇಲ್ಲವೇ ‘ಆಗುವುದಿಲ್ಲ’ ಎಂದು ಬರೆದುಬಿಡಿ.

ಎರಡನೇ ಕಾಲಂನ ಸಿಸಿ ಮೇಲ್‌ಗಳ ಮಾತು ಬಾಕಿಯಿತ್ತು. ನಿಮಗೆ ಸಂಬಂಧವಿಲ್ಲದ ಥ್ರೆಡ್ ಎಳೆಯುತ್ತಲೇ ಇದ್ದರೆ ಜಿಮೇಲ್‌ನ ‘ಮ್ಯೂಟ್’ ಬಳಸಿ. ಮುಂದಿನ ಉತ್ತರಗಳು ಇನ್‌ಬಾಕ್ಸ್‌ಗೆ ಬಾರದೆ ಆರ್ಕೈವ್‌ಗೇ ಹೋಗುತ್ತವೆ. ಪದೇ ಪದೇ ಸೇರಿಸುವವರಿಗೆ “ತೀರ್ಮಾನ ಆದ ಮೇಲೆ ನನಗೆ ಒಂದು ಸಾಲು ತಿಳಿಸಿದರೆ ಸಾಕು, ಸಿಸಿ ಬೇಡ” ಎಂದು ನಯವಾಗಿ ಬರೆಯಿರಿ. ನೀವೂ ‘ರಿಪ್ಲೈ ಆಲ್’ ಒತ್ತುವ ಮೊದಲು ಯೋಚಿಸಿ. ಎಂಟು ಜನರಿಗೆ ಕಳಿಸಿದ ‘ಓಕೆ’ಗೆ ಐದು ಜನರ ‘ಓಕೆ’ ವಾಪಸ್ ಬರುತ್ತದೆ.

ಹಂತ 8: ಜಾಗ

ಜಿಮೇಲ್‌ನ ಪುಕ್ಕಟೆ 15 ಜಿಬಿ ಮೇಲ್‌ಗೆ ಮಾತ್ರವಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿ. ಅದು ತುಂಬಿದರೆ ನಿಮಗೆ ಬರುವ ಮೇಲ್ ಕಳಿಸಿದವರಿಗೇ ವಾಪಸ್ ಹೋಗತೊಡಗುತ್ತದೆ. ಪಠ್ಯ ಮಾತ್ರ ಇರುವ ಸಾವಿರ ಮೇಲ್ ಅಳಿಸಿದರೂ ಜಾಗ ಅಷ್ಟೇನೂ ಬಿಡುಗಡೆಯಾಗುವುದಿಲ್ಲ, ತೂಕವೆಲ್ಲ ಅಟ್ಯಾಚ್‌ಮೆಂಟ್‌ನದು. ಮೊದಲು ಹೇಳಿದ ಫಾರಂನಲ್ಲಿ ‘ಸೈಜ್’ ಎದುರು 10 ಎಂಬಿಗಿಂತ ದೊಡ್ಡದು ಎಂದು ಕೊಟ್ಟು ಹುಡುಕಿ. ಸಿಕ್ಕವುಗಳಲ್ಲಿ ಬೇಕಾದ ಫೈಲ್ ಇಳಿಸಿಕೊಂಡು ಮೇಲ್ ಅಳಿಸಿ, ಟ್ರ್ಯಾಶ್ ಖಾಲಿ ಮಾಡಿ. ಖಾಲಿ ಮಾಡುವವರೆಗೂ ಅಳಿಸಿದ್ದು ಜಾಗದ ಲೆಕ್ಕದಲ್ಲೇ ಇರುತ್ತದೆ.

ಹಂತ 9: ವಾರಕ್ಕೊಮ್ಮೆ ಹಾಳೆ ನೋಡಿ

ವಾರದ ಕೊನೆಯ ಕೆಲಸದ ದಿನ ಹತ್ತು ನಿಮಿಷ. ನಿಲುಗಡೆ ಮತ್ತು ಸಮಯದ ಗುರಿಗಳ ಎದುರು ಆ ವಾರ ಎಷ್ಟು ದಿನ ನಡೆಯಿತು ಎಂದು ಬರೆಯಿರಿ. ಐದರಲ್ಲಿ ನಾಲ್ಕು ದಿನ ಆದರೆ ಗುರಿ ಸರಿಯಾಗಿದೆ. ಎರಡೇ ದಿನ ಆಗಿದ್ದರೆ ಗುರಿ ದೊಡ್ಡದಾಯಿತು: ಇಪ್ಪತ್ತನ್ನು ನಲವತ್ತು ಮಾಡಿ, ಮೂರು ಸರದಿಯನ್ನು ನಾಲ್ಕು ಮಾಡಿ. ಸ್ಪ್ಯಾಮ್ ಫೋಲ್ಡರನ್ನೂ ಇದೇ ಹೊತ್ತಿನಲ್ಲಿ ಒಮ್ಮೆ ಇಣುಕಿ ನೋಡಿ. ಅಲ್ಲಿಯದೂ 30 ದಿನಕ್ಕೆ ಅಳಿಯುತ್ತದೆ, ಬೇಕಾದದ್ದು ಅಲ್ಲಿ ಬಿದ್ದಿರುವುದು ಅಪರೂಪವೇನಲ್ಲ. ‘ಉತ್ತರ ಕಾಯುತ್ತಿರುವುದು’ ಲೇಬಲ್ ತೆರೆದು, ಒಂದು ವಾರ ದಾಟಿದವರಿಗೆ ನೆನಪಿಸಿ.

ರಜೆ ಮುಗಿಸಿ ಬಂದಾಗ ಮುನ್ನೂರು ಮೇಲ್ ಕಾದಿದ್ದರೆ ಹಂತ 3ರ ಉಪಾಯವನ್ನೇ ಸಣ್ಣದಾಗಿ ಬಳಸಿ: ಕೊನೆಯ ಎರಡು ದಿನದ್ದು ಓದಿ, ಉಳಿದದ್ದರಲ್ಲಿ ನಿಮ್ಮ ಮೇಲಧಿಕಾರಿ, ಗ್ರಾಹಕರು, ಮನೆಯವರ ಹೆಸರು ಹಾಕಿ ಹುಡುಕಿ ನೋಡಿ, ಮಿಕ್ಕದ್ದನ್ನು ಆರ್ಕೈವ್ ಮಾಡಿ.

ನಾಲ್ಕನೇ ವಾರದ ಕೊನೆಗೆ ಮತ್ತೆ ಕೊನೆಯ ನೂರು ಮೇಲ್ ಎಣಿಸಿ, ಹಳೆಯ ಗೀಟುಗಳ ಪಕ್ಕದಲ್ಲೇ ಹೊಸ ಗೀಟು ಎಳೆಯಿರಿ. ನಾಲ್ಕನೇ ಕಾಲಂ ಇಳಿದಿರದಿದ್ದರೆ ಯಾವುದೋ ಎರಡು ಮೂರು ಕಡೆಯವರು ಅನ್‌ಸಬ್‌ಸ್ಕ್ರೈಬ್ ಕೋರಿಕೆಯನ್ನು ಕಿವಿಗೆ ಹಾಕಿಕೊಂಡಿಲ್ಲವೆಂದು ತಿಳಿಯಿರಿ. ಅವರ ಮೇಲ್ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಬ್ಲಾಕ್’ ಒತ್ತಿ.